ಸೂರ್‌ನಲ್ಲಿ ಟರ್ಕಿ ಕೋಳಿಯ ತಿಂಗಳು

ಕಳೆದ ವಾರ ಮಸ್ಕತ್ತಿನ ಒಂದು ದೊಡ್ಡ ಅಂಗಡಿಯಲ್ಲಿ ಮೀನು ತೆಗೆದುಕೊಂಡು ಹಾಲಿನ ಕಡೆ ಹೋಗುತ್ತಿದ್ದಾಗ ಫ್ರೀಜರಿನೊಳಗೆ ಟರ್ಕಿ ಕೋಳಿಗಳು ಸಾಲಾಗಿ ಮಲಗಿದ್ದವು. ತಲೆಯಿಲ್ಲ, ಗರಿಯಿಲ್ಲ, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಇಟ್ಟಿದ್ದರು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಇಲ್ಲಿಗೆ ಅವು ಬರುತ್ತವೆ. ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷ ಬೇರೆ ಕಡೆಯಿಂದ ಹೋಗುತ್ತೇನೆ. ಈ ಸಲ ಮರೆತು ನೇರ ಎದುರಿಗೇ ಹೋಗಿ ನಿಂತುಬಿಟ್ಟೆ. ಟ್ರಾಲಿ ತಳ್ಳಿಕೊಂಡು ಮುಂದೆ ಹೋಗಿದ್ದ ನನ್ನ ಗಂಡ ದಿನಕರ ತಿರುಗಿ ಬಂದು, "ದಾನೆ ಆಂಡ್?" ಎಂದು ತುಳುವಿನಲ್ಲಿ ಕೇಳಿದರು. ಏನೂ ಆಗಿಲ್ಲ ಎಂದೆ. ಅವರು ಒಮ್ಮೆ ಫ್ರೀಜರಿನೊಳಗೆ ನೋಡಿದರು, ಮತ್ತೆ ಕೇಳಲಿಲ್ಲ. ಸೂರ್‌ನ ಆ ವರ್ಷ ಅವರಿಗೂ ಗೊತ್ತು.

ಈಗ ನಾವಿರುವುದು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ, ಗ್ಯಾರೇಜುಗಳ ಬೀದಿಯ ಒಂದು ಫ್ಲ್ಯಾಟಿನಲ್ಲಿ. ಅದಕ್ಕೆ ಮೊದಲು ಒಮಾನಿನದೇ ಇನ್ನೊಂದು ಕರಾವಳಿ ಊರು ಸೂರ್‌ನಲ್ಲಿದ್ದೆವು. ಅಲ್ಲಿನ ಗ್ಯಾಸ್ ಪ್ಲಾಂಟಿಗೆ ಸಾಮಾನು ಒದಗಿಸುವ ಕಂಪನಿಯೊಂದರ ಆಫೀಸಿನಲ್ಲಿ ದಿನಕರ ಕೆಲಸಕ್ಕಿದ್ದರು. ನಾನು ಪಡುಬಿದ್ರಿಯವಳು, ಟೀಚರ್ ಟ್ರೈನಿಂಗ್ ಮಾಡಿಕೊಂಡವಳು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಪುಟ್ಟ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದೆ. ಖೋರ್ ಎಂದು ಅಲ್ಲಿ ಕರೆಯುವ ಸಮುದ್ರದ ಹಿನ್ನೀರಿನ ದಂಡೆಯ ಮೇಲೆ, ಹಡಗು ಕಟ್ಟುವ ಅಂಗಳದ ಹಿಂದಿನ ಬೀದಿಯಲ್ಲಿ ಆ ನರ್ಸರಿಯಿತ್ತು. ಹಳೆಯ ಮನೆಯೊಂದರ ಕೆಳ ಅಂತಸ್ತು. ಅಂಗಳದಲ್ಲಿ ಒಂದು ಬಾದಾಮಿ ಮರ, ಮೂರು ಕೋಣೆ, ಗೋಡೆ ತುಂಬ ಮಕ್ಕಳ ಚಿತ್ರ. ಪ್ಲಾಂಟಿನ ನೌಕರರ ಮಕ್ಕಳು, ಊರಿನ ಒಮಾನಿ ಮಕ್ಕಳು, ಈಜಿಪ್ಟಿನವರ ಮಕ್ಕಳು ಎಲ್ಲ ಸೇರಿ ಗಲಾಟೆಯೋ ಗಲಾಟೆ. ನಾನು ಅಲ್ಲಿ ಶಶಿ ಮಿಸ್.

ನರ್ಸರಿಯ ಒಡತಿ ಬದರಿಯಾ ಮೇಡಂ ಸೂರ್‌ನ ಹಳೆಯ ಮನೆತನದವರು. ಅವರ ಅಜ್ಜ ಹಾಯಿಹಡಗಿನ ನಖೋಡ, ಅಂದರೆ ಕಪ್ತಾನ, ಮಂಗಳೂರಿಗೆ ಹೋಗಿ ಹಂಚು ತುಂಬಿಕೊಂಡು ಬರುತ್ತಿದ್ದರಂತೆ. ನಾನು ಮಂಗಳೂರಿನ ಹತ್ತಿರದವಳೆಂದು ಗೊತ್ತಾದ ದಿನವೇ ನನ್ನನ್ನು ಮನೆಯವಳಂತೆ ಕಂಡರು. ನನ್ನ ಜೊತೆ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಆ ವರ್ಷ ಅವರು ಇಂಟರ್ನೆಟ್ಟಿನಲ್ಲಿ ಅಮೆರಿಕದ ಯಾವುದೋ ಪಾಠಕ್ರಮ ಕೊಂಡರು. ತಿಂಗಳಿಗೊಂದು ವಿಷಯ. ಸೆಪ್ಟೆಂಬರಿನಲ್ಲಿ ಸೇಬು, ಅಕ್ಟೋಬರಿನಲ್ಲಿ ಕುಂಬಳಕಾಯಿ, ನವೆಂಬರಿನಲ್ಲಿ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಟರ್ಕಿ ಕೋಳಿ.

ಟರ್ಕಿ ಕೋಳಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅರಬ್ಬಿಯಲ್ಲಿ ಅದಕ್ಕೆ ದೀಕ್ ರೂಮಿ, ಅಂದರೆ ರೋಮಿನ ಹುಂಜ ಎನ್ನುತ್ತಾರೆ ಎಂದರು ಬದರಿಯಾ ಮೇಡಂ. ಇಂಗ್ಲಿಷಿನವರು ಟರ್ಕಿಯದ್ದು ಎನ್ನುತ್ತಾರೆ, ಹಿಂದಿಯವರು ಪೇರೂ ಎನ್ನುತ್ತಾರೆ, ಯಾರೂ ತಮ್ಮ ಊರಿನದ್ದು ಎಂದು ಒಪ್ಪಿಕೊಳ್ಳುವುದಿಲ್ಲ ಪಾಪ ಎಂದು ನಕ್ಕರು. ಪಾಠಕ್ರಮದಲ್ಲಿ ಓಕ್ ಮರದ ಕಾಯಿ ತನ್ನಿ ಎಂದಿದ್ದರೆ ನಾವು ಖರ್ಜೂರದ ಬೀಜ ತಂದೆವು. ಉದುರಿದ ಕೆಂಪೆಲೆ ಎಂದಿದ್ದಲ್ಲಿಗೆ ಅಂಗಳದ ಬಾದಾಮಿ ಎಲೆ ಒದಗಿತು. ಒಮಾನಿನ ರಾಷ್ಟ್ರೀಯ ದಿನವೂ ಅದೇ ನವೆಂಬರಿನಲ್ಲಿ ಬರುವುದರಿಂದ ಗರಿಗಳು ಕೆಂಪು, ಬಿಳಿ, ಹಸಿರು ಇರಲಿ ಎಂದು ಅವರ ಅಪ್ಪಣೆಯಾಯಿತು.

ನಿಜ ಹೇಳಬೇಕೆಂದರೆ ನನಗೆ ಆ ಪಾಠಕ್ರಮ ಹಿಡಿಸಿತ್ತು. ಹಕ್ಕಿ ಯಾವುದಾದರೇನು, ಕೈಗೆ ಕೆಲಸ ಸಿಗುತ್ತಿತ್ತು. ಕಾಗದದ ತಟ್ಟೆಗೆ ಕಂದು ಬಣ್ಣ ಬಳಿದು ಟರ್ಕಿಯ ಹೊಟ್ಟೆ ಮಾಡುತ್ತಿದ್ದೆವು. ಅದರ ಸುತ್ತ ಬಣ್ಣದ ಬಟ್ಟೆ ಕ್ಲಿಪ್ಪುಗಳನ್ನು ಮಕ್ಕಳು ಒತ್ತಿ ಸಿಕ್ಕಿಸಬೇಕು, ಅವೇ ಗರಿ. ಕ್ಲಿಪ್ಪು ಒತ್ತಲು ಹೆಬ್ಬೆರಳೂ ತೋರುಬೆರಳೂ ಒಟ್ಟಾಗಿ ದುಡಿಯಬೇಕು, ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳು ಅವೇ. ರಟ್ಟಿನ ಡಬ್ಬಿಗೆ ಟರ್ಕಿಯ ಮುಖ ಅಂಟಿಸಿ ಬಾಯಿ ಕತ್ತರಿಸಿ, ಕಡಲೆಕಾಳನ್ನು ಚಿಮುಟದಲ್ಲಿ ಎತ್ತಿ ಅದಕ್ಕೆ ತಿನ್ನಿಸುವ ಆಟವಿತ್ತು. ಉದ್ದ ಗರಿ, ಗಿಡ್ಡ ಗರಿ ಬೇರೆ ಮಾಡುವುದು. ಗರಿ ಎಣಿಸುವುದು. ಕೈ ಹಿಂದೆ ಕಟ್ಟಿ 'ಗಾಬಲ್ ಗಾಬಲ್' ಎನ್ನುತ್ತಾ ಅಂಗಳದಲ್ಲಿ ಟರ್ಕಿಯ ನಡಿಗೆ. ಎಲ್ಲಕ್ಕೂ ಕೊನೆಯದು ಅಂಗೈ ಅಚ್ಚು. ಹೆಬ್ಬೆರಳು ಕೋಳಿಯ ಕತ್ತು, ಉಳಿದ ಬೆರಳು ಬಿಚ್ಚಿದ ಗರಿ.

ಪೂರ್ವಿ ನನ್ನ ತರಗತಿಯ ಮಗು. ಮೈಸೂರಿನವರ ಒಬ್ಬಳೇ ಮಗಳು, ಮೂರು ತುಂಬಿ ಕೆಲವು ತಿಂಗಳಾಗಿತ್ತು. ತಂದೆ ಗುರುಪ್ರಸಾದ್ ಪ್ಲಾಂಟಿನಲ್ಲಿ ಇಂಜಿನಿಯರ್, ಪಾಳಿಯ ಕೆಲಸ. ತಾಯಿ ಲಾವಣ್ಯ ಮಗಳನ್ನು ತಾವೇ ಕರೆತಂದು ತಾವೇ ಕರೆದೊಯ್ಯುತ್ತಿದ್ದರು. ನವೆಂಬರಿಗೆ ಮೊದಲೇ ಬಂದು ಕೂತು ನನಗೆ ಗರಿ ಕತ್ತರಿಸಿ ಕೊಟ್ಟವರು ಅವರೇ. ರಾಜ್ಯೋತ್ಸವದ ತಿಂಗಳು, ಹಳದಿ ಕೆಂಪೂ ಇರಲಿ ಬಿಡಿ ಮಿಸ್ ಎಂದು ಬದರಿಯಾ ಮೇಡಂಗೆ ಗೊತ್ತಾಗದ ಹಾಗೆ ಒಂದು ಕಟ್ಟು ಹಳದಿ ಗರಿಯನ್ನೂ ಸೇರಿಸಿದ್ದರು.

ಶಾಲೆ ಶುರುವಾದಾಗ ಪೂರ್ವಿಯಷ್ಟು ಚುರುಕು ಕೈ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ತನ್ನ ಟಿಫಿನ್ ಡಬ್ಬಿ ತೆರೆದು ಮುಗಿದ ಮೇಲೆ ಅಕ್ಕಪಕ್ಕದವರದ್ದೂ ತೆರೆದುಕೊಡುತ್ತಿದ್ದಳು. ಯಾರ ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡರೂ ಅವಳ ಹತ್ತಿರ ಹೋಗುತ್ತಿದ್ದರು. ಮಾತೂ ಹಾಗೆಯೇ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ನಾನು ಇಂಗ್ಲಿಷಿಗೆ ಇಳಿದರೆ ಅವಳು ಕನ್ನಡಕ್ಕೆ. ನಾನು "ಎಂತದು ಪೂರ್ವಿ" ಎಂದರೆ ಅವಳಿಗೆ ನಗು. 'ಎಂತದು ಎಂತದು' ಎಂದು ಕೋಣೆಯಿಡೀ ಕುಣಿಯುತ್ತಿದ್ದಳು. ಈಜಿಪ್ಟಿನ ಹುಡುಗಿಯೊಬ್ಬಳು ಅವಳಿಂದ ಆ ಮಾತು ಕಲಿತು ತನ್ನ ಅಮ್ಮನಿಗೆ ಹೇಳಿ, ಆ ಅಮ್ಮ ಬಂದು ಇದು ಯಾವ ಭಾಷೆ ಎಂದು ನನ್ನನ್ನು ಕೇಳಿದ್ದರು.

ಅಕ್ಟೋಬರ್ ಕೊನೆಗೆ ಸೂರ್‌ನ ಹವೆ ತಿರುಗಿತು. ಬೇಸಿಗೆಯಿಡೀ ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಂಡಿದ್ದ ಸೆಖೆ ಒಂದು ಬೆಳಿಗ್ಗೆ ಇಲ್ಲವಾಗಿ, ಖೋರ್ ಕಡೆಯಿಂದ ಗಾಳಿ ಬೀಸತೊಡಗಿತು. ಏಸಿ ಆರಿಸಿ ಕಿಟಕಿ ತೆರೆದೆವು. ಮರದ ಹೊಟ್ಟಿನ ವಾಸನೆ, ಒಣಮೀನಿನ ವಾಸನೆ, ಹಡಗಿನ ಅಂಗಳದಲ್ಲಿ ಹಲಗೆ ಬಡಿಯುವ ಸದ್ದು ಎಲ್ಲ ಒಳಗೆ ಬಂದವು. ಒಮಾನಿನಲ್ಲಿ ವರ್ಷಕ್ಕೆ ಒಂದೇ ಒಂದು ಸಲ ಹೀಗೆ ಬದುಕು ಹಗುರಾಗುವ ಕಾಲ ಬರುತ್ತದೆ. ಆ ಕಾಲದಲ್ಲೇ ನಾನು ಪೂರ್ವಿಯ ಕೈಯನ್ನು ಗಮನಿಸಿದ್ದು.

ಮೊದಲ ದಿನ ಕ್ಲಿಪ್ಪುಗಳನ್ನು ಅವಳೇ ಎಲ್ಲರಿಗಿಂತ ಮುಂಚೆ ಸಿಕ್ಕಿಸಿ ಮುಗಿಸಿದ್ದಳು. ಮುಂದಿನ ವಾರ ಅದೇ ಆಟ ಕೊಟ್ಟಾಗ ಕ್ಲಿಪ್ಪು ಕೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ನಿದ್ದೆ ಸರಿಯಾಗಿಲ್ಲವೇನೋ ಎಂದುಕೊಂಡೆ. ಆಮೇಲೆ ಚಿಮುಟ. ಅವಳು ಕಡಲೆಕಾಳನ್ನು ನೋಡುತ್ತಾಳೆ, ಡಬ್ಬಿಯ ಬಾಯಿಯನ್ನು ನೋಡುತ್ತಾಳೆ, ಆದರೆ ಕೈ ಮೇಜಿನ ಮೇಲೆ ಇದ್ದಲ್ಲೇ ಇರುತ್ತದೆ. ಒಂದು ದಿನ ಮುಖ ಕೆಂಪಗೆ ಮಾಡಿಕೊಂಡು ಕಣ್ಣು ಕೀಲಿಸಿ ಆ ಕ್ಲಿಪ್ಪನ್ನೇ ನೋಡುತ್ತಾ ಕುಳಿತಿದ್ದಳು. ಕೊನೆಗೆ ಬಗ್ಗಿ ಅದನ್ನು ಬಾಯಿಂದ ಎತ್ತಲು ಹೋದಳು. ಪಕ್ಕದ ಮಕ್ಕಳು ಅದು ಹೊಸ ಆಟವೆಂದು ನಕ್ಕವು. ಅವಳು ನಗಲಿಲ್ಲ.

ಕೆಲವೇ ದಿನಗಳಲ್ಲಿ ಇನ್ನೊಂದು ಶುರುವಾಯಿತು. ಎರಡೂ ಕೈಗಳನ್ನು ಎದೆಯ ಹತ್ತಿರ ತಂದು ಒಂದನ್ನೊಂದು ಹೊಸೆಯುವುದು, ಸಾಬೂನು ಹಚ್ಚಿ ತೊಳೆದ ಹಾಗೆ. ನಾನು ಕಲಿಸಿದ ಕೈ ತೊಳೆಯುವ ಹಾಡಿನಿಂದ ಬಂತೇನೋ ಎಂದುಕೊಂಡು ಆ ಹಾಡನ್ನೇ ನಿಲ್ಲಿಸಿದೆ. ಹೊಸೆಯುವುದು ನಿಲ್ಲಲಿಲ್ಲ. ಊಟದ ಹೊತ್ತಿಗೂ, ಕಥೆ ಕೇಳುವಾಗಲೂ, ನಿದ್ದೆ ಬರುವ ತನಕವೂ.

ಒಂದು ಮಧ್ಯಾಹ್ನ ಗೇಟಿನ ಹತ್ತಿರ ಲಾವಣ್ಯ ಅವರನ್ನು ನಿಲ್ಲಿಸಿದೆ. ಪೂರ್ವಿ ಅವರ ಚೂಡಿದಾರದ ದುಪಟ್ಟಾದಲ್ಲಿ ಮುಖ ಒತ್ತಿಕೊಂಡು ನಿಂತಿದ್ದಳು.

"ಲಾವಣ್ಯ, ಇವಳ ಕೈ ಸ್ವಲ್ಪ ನೋಡಿದ್ರಾ ನೀವು? ಮೊದ್ಲು ಮಾಡ್ತಿದ್ದದ್ದು ಈಗ ಮಾಡುದಿಲ್ಲ."

"ಅವ್ರಜ್ಜಿ ಊರಿಗೆ ಹೋದಾಗಿಂದ ಹಂಗೇ ಮಿಸ್. ಮನೇಲೂ ಏನೂ ಮುಟ್ಟಲ್ಲ. ಹಟ ಮಾಡ್ತಾಳೆ. ಸರಿ ಹೋಗ್ತಾಳೆ."

"ಹಟ ಅಲ್ಲ ಮಾರಾಯ್ರೆ. ಮಾಡ್ಲಿಕ್ಕೆ ನೋಡ್ತಾಳೆ. ಅವಳ ಹತ್ರ ಆಗುದಿಲ್ಲ."

ಲಾವಣ್ಯ ನನ್ನನ್ನು ನೋಡಲಿಲ್ಲ. ಮಗಳ ಕೂದಲಿನಲ್ಲಿ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆದು ತೆಗೆಯುತ್ತಾ ನಿಂತರು. ನಂತರ ಕಾರಿನ ಬಾಗಿಲು ತೆರೆದು ಮಗಳನ್ನು ಎತ್ತಿ ಕೂರಿಸಿದರು. ಮೊದಲಾದರೆ ಪೂರ್ವಿ ತಾನೇ ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತಿದ್ದಳು. ಅದು ಇಬ್ಬರಿಗೂ ನೆನಪಾಯಿತೆಂದು ಕಾಣುತ್ತದೆ.

ಸೂರ್‌ನ ವೈದ್ಯರು ವಿಟಮಿನ್ ಬರೆದುಕೊಟ್ಟು ಕಿವಿ ಪರೀಕ್ಷೆ ಮಾಡಿಸಲು ಹೇಳಿದರು. ಕಿವಿ ಸರಿಯಾಗಿತ್ತು. ಆಮೇಲೆ ಮಸ್ಕತ್ತಿಗೆ ಕಳುಹಿಸಿದರು. ಗುರುಪ್ರಸಾದ್ ಪಾಳಿ ಬದಲಾಯಿಸಿಕೊಂಡು ಸಮುದ್ರದಂಚಿನ ಆ ಉದ್ದ ರಸ್ತೆಯಲ್ಲಿ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ಹೋಗಿ ಬಂದರು. ಬಂದಾಗಲೆಲ್ಲ ಏನಂದರು ಎಂದು ಕೇಳುತ್ತಿದ್ದೆ. ಇನ್ನೊಂದು ಪರೀಕ್ಷೆ ಮಾಡಬೇಕಂತೆ ಎನ್ನುತ್ತಿದ್ದರು. ಅವರು ಮಾತಿನ ಮನುಷ್ಯರಲ್ಲ, ಯಂತ್ರಗಳ ಜೊತೆ ಕೆಲಸ. ಏನೋ ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು ಎಂದು ನಂಬಿದವರು.

ಇತ್ತ ಮಾತೂ ಹೋಗತೊಡಗಿತು. ಒಂದೇ ದಿನ ಹೋದದ್ದಲ್ಲ. ಇಂಗ್ಲಿಷು ಮೊದಲು ಹೋಯಿತು ಎಂದು ನನ್ನ ನೆನಪು, ಲಾವಣ್ಯ ಅಲ್ಲ ಎನ್ನುತ್ತಾರೆ. ಸಾಲುಗಳು ಪದಗಳಾದವು, ಪದಗಳು ಅರ್ಧವಾದವು. ಅವಳು ಕೊನೆಯ ಬಾರಿ ಹೇಳಿದ ಮಾತು ಯಾವುದೆಂದು ನಮಗೆ ಯಾರಿಗೂ ಗೊತ್ತಿಲ್ಲ. ಅದು ಕೊನೆಯದೆಂದು ಹೇಳುವಾಗ ಯಾರಿಗೆ ತಿಳಿಯುತ್ತದೆ? ಪ್ರತಿ ದಿನ ನೂರು ಮಾತಾಡುವ ಮಗು, ಯಾರು ಕಿವಿಗೊಟ್ಟು ಕೇಳಿಸಿಕೊಂಡಿರುತ್ತಾರೆ? 'ಎಂತದು' ಎಂದು ಕುಣಿಯುವುದು ಯಾವಾಗ ನಿಂತಿತು ಎಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ನವೆಂಬರ್ ಕೊನೆಯಲ್ಲಿ ಅಪ್ಪ ಅಮ್ಮಂದಿರನ್ನು ಕರೆದು ಟರ್ಕಿಯ ದಿನ ಮಾಡುವುದೆಂದು ಮೊದಲೇ ಗೊತ್ತಾಗಿತ್ತು. ಮಕ್ಕಳ ತಲೆಗೆ ಗರಿಯ ಕಿರೀಟ, ಗೋಡೆಗೆ ಅಂಗೈ ಅಚ್ಚಿನ ಟರ್ಕಿಗಳು. ಅದರ ಹಿಂದಿನ ದಿನ ಅಚ್ಚು ಹಾಕುವ ಕೆಲಸ. ಪೂರ್ವಿಗೆ ಕಷ್ಟವಾದರೆ ಬಿಡು, ಬೇರೆ ಯಾವುದಾದರೂ ಮಗುವಿನ ಅಚ್ಚಿಗೆ ಅವಳ ಹೆಸರು ಬರೆ ಎಂದು ಬದರಿಯಾ ಮೇಡಂ ಮೆಲ್ಲನೆ ಹೇಳಿದರು. ಲಾವಣ್ಯ ಅಂದು ಕೋಣೆಯಲ್ಲೇ ಇದ್ದರು, ಕಿರೀಟಕ್ಕೆ ದಾರ ಕಟ್ಟುತ್ತಿದ್ದರು. ಕೇಳಿಸಿತೋ ಏನೋ, ಎದ್ದು ಬಂದರು.

"ಬೇಡ ಮಿಸ್. ಅವ್ಳದ್ದೇ ಇರ್ಲಿ. ನಾನು ಹಿಡ್ಕೋತೀನಿ, ನೀವು ಬಣ್ಣ ಹಚ್ಚಿ."

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಹೊಸೆಯುತ್ತಿದ್ದ ಕೈಗಳನ್ನು ಬಿಡಿಸಿದರು. ಒಂದನ್ನು ತಾವು ಹಿಡಿದುಕೊಂಡು ಇನ್ನೊಂದನ್ನು ನನಗೆ ಕೊಟ್ಟರು. ನಾನು ಕುಂಚದಿಂದ ಅಂಗೈಗೆ ಕಂದು ಬಣ್ಣ ಬಳಿದೆ, ಬೆರಳುಗಳಿಗೆ ಕೆಂಪು, ಬಿಳಿ, ಹಸಿರು. ತಣ್ಣನೆಯ ಕುಂಚ ತಾಗಿದ ಕೂಡಲೇ ಬೆರಳು ಮುಚ್ಚಿಕೊಂಡಿತು. ಲಾವಣ್ಯ ಒಂದೊಂದೇ ಬೆರಳು ಬಿಚ್ಚಿದರು, ನಾನು ಬಳಿದೆ, ಮತ್ತೆ ಮುಚ್ಚಿತು. ಕಾಗದದ ಮೇಲೆ ಒತ್ತಿದಾಗ ಬಂದದ್ದು ಒಂದು ಮಸುಕು ಗುಪ್ಪೆ. ಇನ್ನೊಂದು ಕಾಗದ ಕೊಡಿ ಎಂದರು. ಅದರಲ್ಲೂ ಅದೇ. ಇನ್ನೊಂದು. ಪೂರ್ವಿ ಅಳಲಿಲ್ಲ. ಅವಳು ತನ್ನ ಕೈಯನ್ನು ನೋಡುತ್ತಿದ್ದಳು, ಯಾರದೋ ಕೈಯನ್ನು ನೋಡುವ ಹಾಗೆ. ಲಾವಣ್ಯ ಕಾಗದ ಕೇಳುವುದನ್ನು ನಿಲ್ಲಿಸಿದ ಮೇಲೆ ನಾನು ಒದ್ದೆ ಬಟ್ಟೆಯಿಂದ ಮೂವರ ಕೈಯನ್ನೂ ಒರೆಸಿದೆ. ಲಾವಣ್ಯ ಬಣ್ಣದ ಕಲೆ ಉಳಿದಿದ್ದ ತಮ್ಮ ಅಂಗೈಯನ್ನು ಮಗಳ ತಲೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು. ಸುತ್ತಲೂ ಮಕ್ಕಳು ಗಾಬಲ್ ಗಾಬಲ್ ಎಂದು ಓಡುತ್ತಿದ್ದವು.

ಮರುದಿನ ಅವರು ಯಾರೂ ಬರಲಿಲ್ಲ. ಗೋಡೆಯಲ್ಲಿ ಪೂರ್ವಿಯ ಹೆಸರಿನ ಜಾಗ ಖಾಲಿ ಬಿಟ್ಟೆ. ಒಬ್ಬ ತಂದೆ ಅಲ್ಲಿ ಬೆರಳಿಟ್ಟು ಇದು ಯಾರದ್ದು ಎಂದು ಕೇಳಿದಾಗ ಬದರಿಯಾ ಮೇಡಂ ಅವರನ್ನು ಕಾಫಿಗೆ ಕರೆದುಕೊಂಡು ಹೋದರು.

ಡಿಸೆಂಬರಿನಲ್ಲಿ ಮಗುವನ್ನು ಬೆಂಗಳೂರಿಗೆ ಕರೆದೊಯ್ದರು. ರಕ್ತ ಪರೀಕ್ಷೆಗೆ ಕೊಟ್ಟು ಕಾಯಬೇಕಿತ್ತು. ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಬಪ್ಪನಾಡಿನ ದೇವಿಗೆ ಹರಕೆ ಹೊತ್ತೆ, ದಿನಕರ ನನಗೆ ತಿಳಿಯದಂತೆ ಬೇರೆ ಹರಕೆ ಹೊತ್ತಿದ್ದರು. ಬದರಿಯಾ ಮೇಡಂ ತಮ್ಮ ನಮಾಜಿನಲ್ಲಿ ಬೇಡಿದರು. ಒಂದು ಸಂಜೆ ಗುರುಪ್ರಸಾದ್ ಅವರ ಫೋನು ಬಂತು. ಕಾಯಿಲೆಯ ಹೆಸರು ಹೇಳಿದರು, ಯಾವುದೋ ವಿದೇಶದ ವೈದ್ಯರ ಹೆಸರಿನ ಕಾಯಿಲೆ. ಹುಟ್ಟುವಾಗಲೇ ಒಳಗಿದ್ದದ್ದು, ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಬರುವುದಂತೆ. ಎಲ್ಲರಂತೆ ಬೆಳೆದು, ಕಲಿತು, ಆಮೇಲೆ ಕಲಿತದ್ದು ಒಂದೊಂದಾಗಿ ಬಿಟ್ಟುಹೋಗುತ್ತದಂತೆ. ಜೀವಕ್ಕೆ ತಕ್ಷಣ ಅಪಾಯವಿಲ್ಲ, ಆದರೆ ನಡಿಗೆಯೂ ಎಷ್ಟು ದಿನವೆಂದು ಹೇಳಲಾಗುವುದಿಲ್ಲ.

ನಾನು ಬಾಯಿಗೆ ಬಂದದ್ದನ್ನು ಕೇಳಿದೆ. ಬೇಗ ತೋರಿಸಿದ್ದರೆ ಏನಾದರೂ ಆಗುತ್ತಿತ್ತೇ ಎಂದು.

"ಇಲ್ಲ ಮಿಸ್. ಅದನ್ನೇ ನಾನೂ ಕೇಳ್ದೆ. ಹುಟ್ಟಿದ್ ದಿನಾನೇ ಕರ್ಕೊಂಡ್ ಬಂದಿದ್ರೂ ಇಷ್ಟೇ ಅಂದ್ರು. ನೀವೇನೂ ಬೇಜಾರ್ ಮಾಡ್ಕೋಬೇಡಿ."

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ನನ್ನಿಂದ ಏನೂ ತಪ್ಪಾಗಿಲ್ಲ, ಅವರಿಂದಲೂ ಇಲ್ಲ, ಸೂರ್‌ನ ವೈದ್ಯರಿಂದಲೂ ಇಲ್ಲ. ಫೋನು ಇಟ್ಟ ಮೇಲೆ ಗೊತ್ತಾಯಿತು, ತಪ್ಪು ಯಾರದ್ದಾದರೂ ಆಗಿದ್ದರೆ ಒಳ್ಳೆಯದಿತ್ತು ಎಂದು. ತಪ್ಪಿದ್ದಲ್ಲಿ ತಿದ್ದುವುದಾದರೂ ಇರುತ್ತದೆ.

ಜನವರಿಯಲ್ಲಿ ಅವರು ಸೂರ್‌ಗೆ ವಾಪಸು ಬಂದರು. ಆ ವಾರ ಮಳೆ ಬಂದಿತ್ತು. ವರ್ಷಕ್ಕೆ ಒಂದೆರಡು ಸಲ ಬರುವ ಮಳೆ, ಬೆಟ್ಟದ ಕಡೆಯ ವಾದಿಗಳೆಂಬ ಒಣ ಹೊಳೆಗಳೆಲ್ಲ ಕೆಂಪು ನೀರು ತುಂಬಿ ಹರಿದಿದ್ದವು. ಪೂರ್ವಿಯನ್ನು ಗೇಟಿನಿಂದ ಕೋಣೆಗೆ ನಾನೇ ಎತ್ತಿಕೊಂಡು ಬಂದೆ. ಅಂಗಳದ ನೀರಿನಲ್ಲಿ ಕಾಲಿಡಲು ಅವಳಿಗೆ ಧೈರ್ಯವಿರಲಿಲ್ಲ, ಹೆಜ್ಜೆ ತೂಗಾಡುತ್ತಿತ್ತು. ಮಕ್ಕಳು ಅವಳ ಸುತ್ತ ನೆರೆದವು. ಅವಳು ಕೈ ಹೊಸೆಯುವುದನ್ನು ನೋಡಿ ಒಂದು ಮಗು ತಾನೂ ಹೊಸೆಯಿತು. ಅದನ್ನು ನೋಡಿ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಕೋಣೆಯಿಡೀ ಎಲ್ಲ ಮಕ್ಕಳೂ ಎದೆಯ ಹತ್ತಿರ ಕೈ ಹೊಸೆಯುತ್ತಾ ಕೂತಿದ್ದರು. ಕೀಟಲೆಯಲ್ಲ. ಗೆಳತಿ ಹೊಸ ಆಟ ತಂದಿದ್ದಾಳೆ ಎಂದು ಅವರ ಎಣಿಕೆ. ನಾನು ಜೋರಾಗಿ ಗದರಿಸಿದೆ. ನನ್ನಿಂದ ಅಷ್ಟು ಜೋರು ಕೇಳಿರದ ಮಕ್ಕಳು ಹೆದರಿ ಕೈ ಬಿಟ್ಟವು. ಪೂರ್ವಿ ಮಾತ್ರ ಬಿಡಲಿಲ್ಲ, ಅವಳಿಗೆ ಬಿಡಲಾಗುವುದಿಲ್ಲವಲ್ಲ.

ಬದರಿಯಾ ಮೇಡಂ ಕೆಲವು ವಾರ ಹೇಗೋ ಸುಧಾರಿಸಿದರು. ಆಮೇಲೆ ಊಟ ನೆತ್ತಿಗೆ ಹತ್ತಿ ಒಂದು ದಿನ ಮಗುವಿನ ಉಸಿರು ಕಟ್ಟುವಂತಾಯಿತು. ನಾವೆಲ್ಲ ಬೆನ್ನು ತಟ್ಟಿ ಸರಿಮಾಡಿದೆವು, ಆದರೆ ಮೇಡಂ ಅಂದೇ ನಿರ್ಧಾರ ಮಾಡಿದರು. ಇಂಥ ಮಕ್ಕಳನ್ನು ನೋಡಿಕೊಳ್ಳಲು ತಿಳಿದವರು ನಮ್ಮಲ್ಲಿಲ್ಲ, ಏನಾದರೂ ಆದರೆ ದೇವರಿಗೆ ಏನು ಉತ್ತರ ಕೊಡಲಿ ಎಂದರು. ಲಾವಣ್ಯ ಅವರ ಎದುರು ಕೂತು ಇದನ್ನು ಹೇಳುವಾಗ ಮೇಡಂ ತಾವೇ ಅತ್ತರು, ಅವರನ್ನು ಲಾವಣ್ಯ ಸಮಾಧಾನ ಮಾಡಬೇಕಾಯಿತು. ಪೂರ್ವಿಯ ಚೀಲ, ನೀರಿನ ಬಾಟಲಿ, ಬದಲಿ ಬಟ್ಟೆ ಎಲ್ಲವನ್ನೂ ನಾನು ತುಂಬಿಕೊಟ್ಟೆ.

ಶಾಲೆ ಬಿಡಿಸಿದ ಮೇಲೆ ನಾನು ಸಂಜೆ ಅವರ ಫ್ಲ್ಯಾಟಿಗೆ ಹೋಗತೊಡಗಿದೆ. ಯಾರೂ ಕರೆದದ್ದಲ್ಲ. ಕ್ಲಿಪ್ಪು, ಕಾಳು, ಗರಿ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಕೈಗೆ ಕೆಲಸ ಕೊಡುತ್ತಿದ್ದರೆ ಇರುವುದಾದರೂ ಉಳಿದೀತು ಎಂದು ಎಲ್ಲೋ ಓದಿದ್ದೆ. ಅವಳ ಅಂಗೈಯಲ್ಲಿ ಕ್ಲಿಪ್ಪಿಟ್ಟು, ಅದರ ಮೇಲೆ ನನ್ನ ಕೈಯಿಟ್ಟು, ಇಬ್ಬರೂ ಸೇರಿ ಒತ್ತುವುದು. ನನ್ನ ಕೈ ಇರುವ ತನಕ ಗರಿ ನಿಲ್ಲುತ್ತಿತ್ತು. ತೆಗೆದರೆ ಕೆಳಗೆ. ಅವಳು ಮಾತ್ರ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಎಲ್ಲ ಇತ್ತು ಎಂದು ನನಗೆ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಒಂದು ಮಗು ಒಳಗೆ ಪೂರ್ತಿ ಇದ್ದು ಹೊರಗೆ ಬರಲಾಗದೆ ಇರುವುದು ಒಳ್ಳೆಯದೋ, ಒಳಗೂ ಇಲ್ಲದಿರುವುದು ಒಳ್ಳೆಯದೋ, ನನಗೆ ಗೊತ್ತಿಲ್ಲ.

ಹೀಗೆ ಫೆಬ್ರವರಿ ಕಳೆಯಿತು. ಒಂದು ಸಂಜೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಲಾವಣ್ಯ ಬಾಗಿಲಿನವರೆಗೆ ಬಂದರು.

"ನಾಳೆಯಿಂದ ಬರ್ಬೇಡಿ ಮಿಸ್."

ನಾನು ಏನೋ ಹೇಳಲು ಹೋದೆ.

"ಬೇಜಾರ್ ಮಾಡ್ಕೋಬೇಡಿ. ನಿಮ್ಮಷ್ಟು ಯಾರೂ ಮಾಡಿಲ್ಲ. ಆದ್ರೆ ನೀವು ಬಂದಾಗ್ಲೆಲ್ಲ ಅವ್ಳಿಗೆ ಇವತ್ತು ಇನ್ನೇನ್ ಬರಲ್ಲ ಅಂತ ಗೊತ್ತಾಗುತ್ತೆ. ನೀವಿಲ್ದಿದ್ರೆ ಅವ್ಳು ಸುಮ್ನೆ ನನ್ ಮಗಳಾಗಿರ್ತಾಳೆ. ಅಷ್ಟೇ ಸಾಕು ನಂಗೆ."

ನಾನು ತಲೆಯಾಡಿಸಿದೆ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಖೋರ್‌ನ ಆಚೆ ಮಕ್ಕಳು ಚೆಂಡಾಡುತ್ತಿದ್ದವು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನಾನು ಕಲಿತ ವಿದ್ಯೆ ಮಕ್ಕಳಿಗೆ ಮುಂದಿನದನ್ನು ಕಲಿಸುವುದು. ಇವತ್ತು ಒಂದು ಗರಿ, ನಾಳೆ ಎರಡು. ಹಿಂದಕ್ಕೆ ಹೋಗುವ ಮಗುವಿನ ಜೊತೆ ಕೂರುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವವರು ಇದ್ದಾರೋ ಇಲ್ಲವೋ.

ಬೇಸಿಗೆಗೆ ಮೊದಲು ಲಾವಣ್ಯ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದರು. ಅಲ್ಲಿ ಅವರ ತಾಯಿ ಇದ್ದಾರೆ, ಎತ್ತಿ ಇಳಿಸಲು ಇನ್ನೊಂದು ಜೊತೆ ಕೈ ಬೇಕಲ್ಲ. ಗುರುಪ್ರಸಾದ್ ಫ್ಲ್ಯಾಟ್ ಬಿಟ್ಟು ಪ್ಲಾಂಟಿನ ಕ್ಯಾಂಪಿಗೆ ಹೋದರು. ವರ್ಷಕ್ಕೊಮ್ಮೆ ರಜೆ. ಮುಂದಿನ ನವೆಂಬರಿನಲ್ಲಿ ಬದರಿಯಾ ಮೇಡಂ ಟರ್ಕಿಯ ಬದಲು ಒಂಟೆ ಇರಲಿ ಎಂದರು, ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದಾಗಿ ಸ್ವಲ್ಪ ಸಮಯಕ್ಕೆ ದಿನಕರ ಅವರಿಗೆ ಮಸ್ಕತ್ತಿಗೆ ವರ್ಗವಾಯಿತು. ಇಲ್ಲಿ ನಾನು ದೊಡ್ಡ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ, ಚಿಕ್ಕವರ ತರಗತಿಗೆ ಹೋಗುವುದಿಲ್ಲ.

ಆ ಫ್ರೀಜರಿನ ಎದುರು ನಿಂತು ಬಂದ ಮರುದಿನ, ಶುಕ್ರವಾರ, ಲಾವಣ್ಯ ಅವರಿಗೆ ವಿಡಿಯೋ ಕಾಲ್ ಮಾಡಿದೆ. ಬಹಳ ಕಾಲದಿಂದ ಮಾಡಿರಲಿಲ್ಲ. ಏನು ಕೇಳುವುದು ಎಂದು ತಿಳಿಯದೆ ಮಾಡದೇ ಉಳಿದದ್ದು. ಅವರು ದಪ್ಪಗಾಗಿದ್ದರು, ಕನ್ನಡಕ ಬಂದಿತ್ತು, ನನ್ನನ್ನು ಕಂಡು ಸಂತೋಷಪಟ್ಟರು. ಮೈಸೂರಿನಲ್ಲಿ ಚಳಿ ಶುರುವಾಗಿದೆ ಎಂದರು. ನಡಿಗೆ ಹೋದ ವರ್ಷವೇ ನಿಂತಿತು ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಆಮೇಲೆ ಫೋನನ್ನು ತಿರುಗಿಸಿದರು.

ಪೂರ್ವಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು, ಬೀಳದಂತೆ ಎದೆಗೆ ಪಟ್ಟಿ. ಉದ್ದವಾಗಿದ್ದಾಳೆ, ಎರಡು ಜಡೆ ಹಾಕಿದ್ದಾರೆ. ಕೈಗಳು ಎದೆಯ ಹತ್ತಿರ ಅದೇ ಕೆಲಸ ಮಾಡುತ್ತಿದ್ದವು. ಕಣ್ಣು ಫೋನಿನ ಮೇಲೆ ಬಂದು ನಿಂತಿತು. ನಾನು ತರಗತಿಯಲ್ಲಿ ಕೇಳುತ್ತಿದ್ದ ಹಾಗೆ, ಊಟ ಆಯ್ತಾ ಪೂರ್ವಿ ಎಂದು ಕೇಳಿದೆ.

"ಆಯ್ತು ಮಿಸ್" ಎಂಬ ಉತ್ತರ ಬಂತು.

ಪೂರ್ವಿಯೇ ಮಾತಾಡಿದಳೆಂದು ಫೋನನ್ನು ಮುಖದ ಹತ್ತಿರ ತಂದೆ. ತೆಳ್ಳಗಿನ, ಎಳೆಯ ದನಿ. ಆಮೇಲೆ ಗೊತ್ತಾಯಿತು, ಅದು ಫೋನಿನ ಹಿಂದಿನಿಂದ, ಲಾವಣ್ಯ ಅವರದ್ದು. ಮಾತು ಬಾರದ ಕೂಸುಗಳ ಪರವಾಗಿ ತಾಯಂದಿರು ಮಾತಾಡುತ್ತಾರಲ್ಲ, ಹಾಗೆ. ಆದರೆ ಲಾವಣ್ಯ ಅದನ್ನು ಆಟಕ್ಕೆ ಆಡುತ್ತಿರಲಿಲ್ಲ. ಮನೆಯಲ್ಲಿ ದಿನವೂ ಹಾಗೆಯೇ ನಡೆಯುತ್ತಿರಬೇಕು, ಅಜ್ಜಿ ಕೇಳುವುದು, ಪೂರ್ವಿಯ ದನಿಯಲ್ಲಿ ಲಾವಣ್ಯ ಉತ್ತರ ಕೊಡುವುದು.

"ಉಪ್ಪಿಟ್ಟು ತಿಂದೆ ಮಿಸ್. ಅಜ್ಜಿ ಮಾಡಿದ್ರು."

ಮಗುವಿನ ಕಣ್ಣು ನನ್ನ ಮೇಲೇ ಇತ್ತು. ದನಿಯೂ ಕಾಯುತ್ತಿತ್ತು. ಉಪ್ಪಿಟ್ಟು ಖಾರ ಇತ್ತಾ ಎಂದು ಕೇಳಿದೆ.

"ಇಲ್ಲ ಮಿಸ್" ಎಂದರು ಲಾವಣ್ಯ.